ಹಳೇ ರ‍್ಯಾಮ್ ಜೊತೆ ಹೊಸ ರ‍್ಯಾಮ್ ಹಾಕಿಸುವ ಮುಂಚೆ

ಡೆಸ್ಕ್‌ಟಾಪಿನಲ್ಲಿ ಎರಡು ಸ್ಲಾಟ್ ಖಾಲಿ ಇವೆ, ಇನ್ನೊಂದು ಜೊತೆ ರ‍್ಯಾಮ್ ತಂದು ಸಿಕ್ಕಿಸಿದರೆ ಆಯ್ತು ಅಂದುಕೊಂಡಿರೋರು ದಯವಿಟ್ಟು ಇದನ್ನು ಓದಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ ಮೇಲೆ ಹಳೇದನ್ನು ತೆಗೆದು ಪೂರ್ತಿ ಹೊಸದು ಹಾಕಿಸೋಕೆ ಯಾರಿಗೂ ಮನಸ್ಸು ಬರಲ್ಲ. ಇರೋದರ ಜೊತೆಗೇ ಸೇರಿಸೋಣ ಅಂತಾರೆ. ಸೇರಿಸಿದರೆ ಕಂಪ್ಯೂಟರ್ ಆನ್ ಆಗುತ್ತೆ, 32 ಜಿಬಿ ಅಂತಲೂ ತೋರಿಸುತ್ತೆ. ಅಪಾಯ ಅದರಲ್ಲೇ ಇರೋದು. ನನ್ನ ಮಷೀನು ಆವತ್ತು ಆನ್ ಆಗದೇ ಹೋಗಿದ್ದರೆ ಒಂದು ಮದುವೆಯ ಫೋಟೋಗಳು ಉಳೀತಿದ್ದವು.

ಹಾಸನದಲ್ಲಿ ನನ್ನದು ಮದುವೆ ಫೋಟೋ, ವಿಡಿಯೋ ಕೆಲಸ. ಎಡಿಟಿಂಗಿಗೆ ಇರೋದು ರೈಜನ್ 5 5600 ಪ್ರೊಸೆಸರಿನ ಮಷೀನು. ಅದರಲ್ಲಿ 8 ಜಿಬಿಯ ಎರಡು ಡಿಡಿಆರ್4 (ರ‍್ಯಾಮಿನ ಒಂದು ತಲೆಮಾರು) ಸ್ಟಿಕ್, 3200 ಸ್ಪೀಡಿನವು. ಅವು ಯಾವತ್ತೂ ತಕರಾರು ಮಾಡಿದ್ದಿಲ್ಲ. ಆಷಾಢದಲ್ಲಿ ಹೇಗೂ ಕೆಲಸ ಕಡಿಮೆ, ಶ್ರಾವಣದ ಮದುವೆಗಳು ಶುರುವಾಗೋದರೊಳಗೆ 32 ಜಿಬಿ ಮಾಡಿಸೋಣ ಅಂತ ಊರಿನದೇ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಬೇರೆ ಬೇರೆ ಡಬ್ಬಿಯದು ಹಾಕಿದರೆ ನಡೆಯುತ್ತಾ ಅಂತ ಕೇಳಿದ್ದಕ್ಕೆ, "ಸಾರ್, ನೀವೇ ನೋಡಿ. ಅದೇ ಕಂಪನಿ, ಅದೇ ನಂಬರು. ಕಣ್ಮುಚ್ಚಿ ಹಾಕಬಹುದು" ಅಂದರು. ಹಾಕಿದರು, ಬಯಾಸಿಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬಿ ಮೇಲೆ ಬರೆದ ವೇಗಕ್ಕೆ ಓಡಿಸೋ ಸೆಟ್ಟಿಂಗ್) ಆನ್ ಮಾಡಿದರು, ವಿಂಡೋಸ್ ಬಂತು. ಕಾಸು ಕೊಟ್ಟು ಬಂದೆ.

ಸ್ವಲ್ಪ ದಿನ ಎಲ್ಲ ಸರಿಯಿತ್ತು. ಆಮೇಲೆ ವಿಡಿಯೋ ಎಡಿಟ್ ಮಾಡೋ ಪ್ರೀಮಿಯರ್ ರೆಂಡರ್ ಮಧ್ಯದಲ್ಲಿ ತಾನಾಗಿಯೇ ಮುಚ್ಚಿಕೊಳ್ಳೋಕೆ ಶುರುವಾಯ್ತು. ಕ್ರೋಮ್ ಟ್ಯಾಬುಗಳು ಸುಮ್ಮಸುಮ್ಮನೆ ಕ್ರ್ಯಾಶ್. ಆಲ್ಬಂ ಲ್ಯಾಬಿಗೆ ಕಳಿಸಿದ ಜಿಪ್ ಫೈಲು ಅಲ್ಲಿ ಬಿಚ್ಚುವಾಗ ಸಿಆರ್‌ಸಿ ಎರರ್, ಅಂದರೆ ಫೈಲು ಕೆಟ್ಟಿದೆ ಅಂತ ಫೋನು. ಕೊನೆಗೆ ಬ್ಲೂ ಸ್ಕ್ರೀನ್. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ, ಇನ್ನೊಮ್ಮೆ ಪೇಜ್ ಫಾಲ್ಟ್ ಅಂತ, ಮತ್ತೊಮ್ಮೆ ಐಆರ್‌ಕ್ಯೂಎಲ್ ಅಂತ. ಇದನ್ನು ಗಮನಿಸಿ: ಯಾವುದೋ ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಕೋಡು ಮತ್ತೆ ಮತ್ತೆ ಬರುತ್ತೆ. ರ‍್ಯಾಮ್ ಎಡವುತ್ತಿದ್ದರೆ ಹಾಗಲ್ಲ, ಆ ಕ್ಷಣಕ್ಕೆ ಆ ಜಾಗದಲ್ಲಿ ಯಾರ ಡೇಟಾ ಇತ್ತೋ ಅವರು ಬೀಳ್ತಾರೆ. ಹಾಗಾಗಿ ಪ್ರತಿ ಸಲ ಬೇರೆ ಕೋಡು.

ಹೊರಗೆ ಮಳೆ, ಕರೆಂಟ್ ಹೋಗೋದು ಬರೋದು ನಡೆದೇ ಇತ್ತು, ಹಾಗಾಗಿ ಎಲ್ಲರ ಬೆರಳೂ ಕರೆಂಟಿನ ಕಡೆಗೆ. ಯುಪಿಎಸ್ ಬ್ಯಾಟರಿ ಬದಲಾಯ್ತು. ಕಂಪ್ಯೂಟರಿನೊಳಗೆ ಕರೆಂಟ್ ಹಂಚೋ ಎಸ್‌ಎಂಪಿಎಸ್ ಮೇಲೆ ಅನುಮಾನ ಬಂತು. ಅಂಗಡಿಯವರು ವೈರಸ್ ಅಂದು ವಿಂಡೋಸ್ ಹೊಸದಾಗಿ ಹಾಕೋಕೆ ಕೂತರು. ಇನ್‌ಸ್ಟಾಲ್ ಮಾಡುವಾಗಲೇ ಫೈಲ್ ಕೆಟ್ಟಿದೆ ಅಂತ ಎರರ್ ಬಂತು, ಪೆನ್‌ಡ್ರೈವ್ ಸರಿಯಿಲ್ಲ ಅಂದರು. ರ‍್ಯಾಮನ್ನೂ ನೋಡಿದರು, ಸುಳ್ಳು ಹೇಳಬಾರದು. ಹಳೇ ಜೊತೆಯನ್ನಷ್ಟೇ ಹಾಕಿ ಟೆಸ್ಟ್ ಮಾಡಿದರು, ಪಾಸ್. ಹೊಸ ಜೊತೆಯನ್ನಷ್ಟೇ ಹಾಕಿದರು, ಅದೂ ಪಾಸ್. "ರ‍್ಯಾಮ್ ಪಕ್ಕಾ ಇದೆ ಸಾರ್" ಅಂತ ವಾಪಸ್ ಕೊಟ್ಟರು. ನಾಲ್ಕನ್ನೂ ಒಟ್ಟಿಗೆ ಹಾಕಿ ಯಾರೂ ಟೆಸ್ಟ್ ಮಾಡಲಿಲ್ಲ.

ಈ ನಡುವೆ ಅರಕಲಗೂಡು ಕಡೆಯ ಒಂದು ಮದುವೆ ಮುಗಿದಿತ್ತು. ಕಾರ್ಡುಗಳನ್ನು ಪಿಸಿಗೆ ಇಳಿಸಿ, ಪಿಸಿಯಿಂದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆದು, ಕಾರ್ಡು ಮುಂದಿನ ಮದುವೆಗೆ ಹೋಯ್ತು. ಸೀಸನ್ನಿನಲ್ಲಿ ಎಲ್ಲ ಸ್ಟುಡಿಯೋದಲ್ಲೂ ನಡೆಯೋದು ಹೀಗೇ. ಆಲ್ಬಂ ಆರಿಸೋಕೆ ಕೂತಾಗ ಧಾರೆಯ ಹೊತ್ತಿನ ಒಂದು ಫೋಟೋ ಮೇಲರ್ಧ ಸರಿಯಿದೆ, ಕೆಳಗರ್ಧ ಬರೀ ಬೂದು. ಇನ್ನೊಂದರಲ್ಲಿ ನಡುವಿನಿಂದ ಕೆಳಕ್ಕೆ ಬಣ್ಣವೆಲ್ಲ ಗುಲಾಬಿಗೆ ತಿರುಗಿದೆ. ಬ್ಯಾಕಪ್ ತೆಗೆದು ನೋಡಿದರೆ ಅಲ್ಲೂ ಅದೇ ಬೂದು, ಅದೇ ಗುಲಾಬಿ. ಕಾರ್ಡಿನಿಂದ ಡಿಸ್ಕಿಗೆ ಹೋಗೋ ಪ್ರತಿ ಫೈಲೂ ರ‍್ಯಾಮ್ ದಾಟಿಯೇ ಹೋಗಬೇಕು. ಅಲ್ಲಿ ಒಂದು ಬಿಟ್ ಆಚೀಚೆ ಆದರೆ ಡಿಸ್ಕಿಗೆ ಅದು ಗೊತ್ತಾಗಲ್ಲ, ಬಂದದ್ದನ್ನು ಹಾಗೇ ಬರೆದಿಡುತ್ತೆ. ಸರ್ವರ್‌ಗಳಲ್ಲಿರೋ ಇಸಿಸಿ ರ‍್ಯಾಮ್ ಇಂಥ ತಪ್ಪು ಹಿಡಿಯುತ್ತೆ. ನಮ್ಮ ಮನೆ, ಸ್ಟುಡಿಯೋ ಪಿಸಿಗಳಲ್ಲಿ ಇರೋದು ಅದಲ್ಲ. ಆ ಮನೆಯವರಿಗೆ ಸೆಕೆಂಡ್ ಕ್ಯಾಮೆರಾದ ಫೋಟೋಗಳಿಂದ ಒಂದಷ್ಟು ತುಂಬಿಸಿಕೊಟ್ಟೆ. ಉಳಿದದ್ದಕ್ಕೆ ಅವರು ಆಡಿದ ಮಾತು ಇಲ್ಲಿ ಬೇಡ.

ಗಂಟು ಬಿಚ್ಚಿದ್ದು ಅಕ್ಕನ ಮಗ, ಇಂಜಿನಿಯರಿಂಗ್ ಓದ್ತಿರೋನು. "ಮಾವ, ವಿಂಡೋಸ್ ಸುದ್ದಿ ಬಿಡಿ. ನಾಲ್ಕೂ ಸ್ಟಿಕ್ ಹಾಕಿ ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ" ಅಂದ. ಅದು ರ‍್ಯಾಮ್ ಪರೀಕ್ಷೆ ಮಾಡೋ ತಂತ್ರಾಂಶ, ಪೆನ್‌ಡ್ರೈವಿನಿಂದ ಬೂಟ್ ಆಗುತ್ತೆ, ದುಡ್ಡೇನೂ ಇಲ್ಲ. ಬೆಳಗ್ಗೆ ನೋಡಿದರೆ ಪರದೆ ತುಂಬ ಕೆಂಪು. ಎಕ್ಸ್‌ಎಂಪಿ ಆಫ್ ಮಾಡಿ ಅದೇ ನಾಲ್ಕನ್ನು ಓಡಿಸಿದಾಗ ಒಂದು ಎರರ್ರೂ ಇಲ್ಲ. ಒಳಗಿನ ಭಾಗಗಳ ವಿವರ ತೋರಿಸೋ ಸಿಪಿಯು-ಝಡ್ ತಂತ್ರಾಂಶ ತೆರೆದು ತೋರಿಸಿದ: ಎರಡು ಜೊತೆಯ ಒಳಗಿದ್ದದ್ದು ಬೇರೆ ಬೇರೆ ಕಂಪನಿಯ ಚಿಪ್.

ಇದು ಮೋಸ ಅಲ್ಲ, ಈ ವ್ಯಾಪಾರ ನಡೆಯೋದೇ ಹೀಗೆ. ಪ್ರಪಂಚದ ಬಹುಪಾಲು ಮೆಮೊರಿ ಚಿಪ್ ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ. ಸ್ಟಿಕ್ ಮಾರೋ ಬ್ರ್ಯಾಂಡಿನವರು ಅವತ್ತು ಸಿಕ್ಕ ಚಿಪ್ ಹಾಕಿ ಅದೇ ಮಾಡೆಲ್ ನಂಬರಿನಲ್ಲಿ ಮಾರ್ತಾರೆ. ಡಬ್ಬಿ ಮೇಲೆ ಬರೆದ 16-18-18 ತರಹದ ಟೈಮಿಂಗ್ (ಚಿಪ್ಪಿಗೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಲೆಕ್ಕ) ಎರಡರಲ್ಲೂ ಒಂದೇ. ಆದರೆ ಡಬ್ಬಿಯಲ್ಲಿ ಬರೆಯದ ಸಣ್ಣ ಟೈಮಿಂಗುಗಳು ಚಿಪ್ಪಿನಿಂದ ಚಿಪ್ಪಿಗೆ ಬದಲಾಗ್ತವೆ, ಮದರ್‌ಬೋರ್ಡ್ ನಾಲ್ಕಕ್ಕೂ ಹೊಂದೋ ಒಂದು ಲೆಕ್ಕ ತಾನೇ ಊಹಿಸಬೇಕು. ಅದರ ಮೇಲೆ ಈ ತರಹದ ಸ್ಟಿಕ್ಕುಗಳಲ್ಲಿ 3200 ಅನ್ನೋದೇ ಎಕ್ಸ್‌ಎಂಪಿಯ ವೇಗ. ಡಿಡಿಆರ್4ನ ಮಾಮೂಲಿ 1.2 ವೋಲ್ಟ್ ಬದಲು ಸಾಮಾನ್ಯವಾಗಿ 1.35 ವೋಲ್ಟ್ ಕೊಟ್ಟು ಓಡಿಸೋದು. ಕಂಪನಿ ಆ ವೇಗಕ್ಕೆ ಪರೀಕ್ಷೆ ಮಾಡಿರೋದು ಒಂದು ಡಬ್ಬಿಯಲ್ಲಿರೋ ಜೊತೆಯನ್ನು ಮಾತ್ರ. ಎರಡು ಡಬ್ಬಿ ಸೇರಿಸಿದರೆ ನಡೆಯುತ್ತೆ ಅಂತ ಅವರು ಎಲ್ಲೂ ಮಾತು ಕೊಟ್ಟಿಲ್ಲ.

ಚಿಪ್ ಒಂದೇ ಆಗಿದ್ದರೂ ನಾಲ್ಕು ಸ್ಟಿಕ್ ಅಂದರೆ ಪ್ರೊಸೆಸರಿಗೆ ಭಾರವೇ. ರೈಜನ್ 5000ಕ್ಕೆ ಅದನ್ನು ಮಾಡೋ ಎಎಂಡಿಯೇ ಕೊಟ್ಟಿರೋ ಲೆಕ್ಕ ಇದು: ಎರಡು ಸ್ಟಿಕ್ಕಿಗೆ 3200, ಸಿಂಗಲ್ ರ‍್ಯಾಂಕಿನ ನಾಲ್ಕಕ್ಕೆ (ಸ್ಟಿಕ್ಕಿನ ಚಿಪ್ಪುಗಳು ಒಂದೇ ಗುಂಪು) 2933, ಡ್ಯುಯಲ್ ರ‍್ಯಾಂಕಿನ ನಾಲ್ಕಕ್ಕೆ (ಎರಡು ಗುಂಪು) 2667. ಮುಂದಿನ ತಲೆಮಾರಿನ ಡಿಡಿಆರ್5ನಲ್ಲಿ ಇನ್ನೂ ಕಷ್ಟ. ರೈಜನ್ 7000ರಲ್ಲಿ ಎರಡಿದ್ದರೆ 5200, ನಾಲ್ಕಾದರೆ 3600ಕ್ಕೆ ಇಳಿಯುತ್ತೆ. ಡಿಡಿಆರ್5 ಚಿಪ್ಪಿನ ಒಳಗೇ ಇಸಿಸಿ ಇದೆ ಅಂತ ಹೇಳಿ ಮಾರ್ತಾರಲ್ಲ, ಅದು ಚಿಪ್ಪಿನ ಒಳಗಿನ ತಪ್ಪಿಗೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗೋ ದಾರಿಯಲ್ಲಿ ಕೆಟ್ಟದ್ದನ್ನು ಅದು ಹಿಡಿಯಲ್ಲ.

ವಾರಂಟಿ ಕೇಳೋಕೆ ಹೋದರೆ ಉತ್ತರ ಸಿದ್ಧವಾಗಿತ್ತು: ಬೇರೆ ಬೇರೆಯಾಗಿ ಹಾಕಿದಾಗ ಪಾಸ್ ಆಗಿದೆ, ಮಾಲು ಚೆನ್ನಾಗಿದೆ, ಬದಲಾಯಿಸಿ ಕೊಡಲ್ಲ. ಕಾನೂನಿನ ಪ್ರಕಾರ ಸರಿಯೇ ಇರಬಹುದು, ಹೊಟ್ಟೆ ಉರಿಯುತ್ತೆ ಅಷ್ಟೇ. ಎರಡೂ ಜೊತೆ ಸೆಕೆಂಡ್ ಹ್ಯಾಂಡ್ ಬೆಲೆಗೆ ಮಾರಿ, ಒಂದೇ ಡಬ್ಬಿಯಲ್ಲಿ ಬಂದ 16 ಜಿಬಿಯ ಎರಡು ಸ್ಟಿಕ್ ಹಾಕಿಸಿದೆ. ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಹೆಚ್ಚಿನ ಬೋರ್ಡುಗಳ ಪುಸ್ತಕದಲ್ಲಿ ಎರಡು ಸ್ಟಿಕ್ಕಿಗೆ ಹೇಳಿರೋ ಜಾಗ ಅದೇ.

ಹಳೇದನ್ನು ಬಿಡೋಕಾಗಲ್ಲ, ಸೇರಿಸಲೇಬೇಕು ಅನ್ನೋರು ಬಿಲ್ಲಿನ ಮೇಲೆ ಒಂದು ಸಾಲು ಬರೆಸಿಕೊಳ್ಳಿ: ನಾಲ್ಕೂ ಸೇರಿ ಮೆಮ್‌ಟೆಸ್ಟ್ ಪಾಸ್ ಆಗದಿದ್ದರೆ ವಾಪಸ್. ಬರೆದುಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ. ಮನೆಗೆ ಬಂದು ಎಕ್ಸ್‌ಎಂಪಿ ಆಫ್ ಇಟ್ಟು ಮೊದಲು ರಾತ್ರಿಯಿಡೀ ಟೆಸ್ಟ್ ಓಡಿಸಿ, ಆಮೇಲೆ ಬೇಕಿದ್ದರೆ 2666, 2933 ಅಂತ ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಿಗೂ ಮತ್ತೆ ಟೆಸ್ಟ್. ಒಂದೇ ಒಂದು ಎರರ್ ಬಂದರೂ ಕೆಳಗಿಳಿಸಿ. ಟೆಸ್ಟ್ ಮುಗಿಯೋವರೆಗೆ ಬೇಕಾದ ಯಾವ ಫೈಲನ್ನೂ ಆ ಮಷೀನಿನಲ್ಲಿ ಕಾಪಿ ಮಾಡಬೇಡಿ.

ಈಗಾಗಲೇ ಹೀಗೆ ಸೇರಿಸಿಕೊಂಡು ಓಡಿಸ್ತಿರೋರು ರ‍್ಯಾಮ್ ಹಾಕಿಸಿದ ತಾರೀಖಿನ ಬಿಲ್ ಹುಡುಕಿ, ಅದರ ನಂತರ ಇಳಿಸಿದ ಫೋಲ್ಡರುಗಳನ್ನು ಬೇರೆ ಮಷೀನಿನಲ್ಲಿ ತೆರೆದು ನೋಡಿ. ಥಂಬ್‌ನೇಲ್ ಚೆನ್ನಾಗಿದೆ ಅಂತ ಬಿಡಬೇಡಿ. ರಾ ಫೈಲಿನ (ಕ್ಯಾಮೆರಾ ಸೆರೆಹಿಡಿದ ಮೂಲ ಫೈಲು) ಥಂಬ್‌ನೇಲ್ ಬರೋದು ಅದರೊಳಗೆ ಕೂತಿರೋ ಚಿಕ್ಕ ಜೆಪೆಗ್‌ನಿಂದ. ಅದು ಸರಿಯಿದ್ದೂ ನಿಜವಾದ ಚಿತ್ರ ಕೆಟ್ಟಿರಬಹುದು. ಫೋಟೋ ಎಡಿಟ್ ಮಾಡೋ ಲೈಟ್‌ರೂಮಿನಲ್ಲಿ ಪೂರ್ತಿ ಗಾತ್ರಕ್ಕೆ ತೆರೆದಾಗಲೇ ಗೊತ್ತಾಗೋದು. ಕಾರ್ಡನ್ನು ಫಾರ್ಮ್ಯಾಟ್ ಮಾಡೋಕೆ ಮುಂಚೆಯೇ ಹಾಗೆ ತೆರೆದು ನೋಡಿ.