ಕಡಲಂಚಿನ ಹಳೆ ಗುಡಿ ಉಳಿಸಲು ಯಾವ ಕಾನೂನು ಹಿಡಿಯಬೇಕು?

ಸ್ಮಾರಕದ ಪಕ್ಕದಲ್ಲೇ ರೆಸಾರ್ಟ್ ಏಳುತ್ತಿದೆ ಎಂದಾಗ ಊರವರ ಮುಂದೆ ಎರಡು ದಾರಿಗಳಿವೆ: 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಥವಾ ಕಡಲಂಚಿನ ನಿರ್ಮಾಣಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮಗಳು, ಅಂದರೆ ಸಿಆರ್‌ಝಡ್.

ಮೊದಲನೆಯದು ಹೆಚ್ಚು ಬಿಗಿ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷೇಧಿತ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಿತ, ಅಂದರೆ ಅನುಮತಿ ಬೇಕು. ಮಹಾಬಲಿಪುರದ ಕಡಲತೀರದ ಗುಡಿಗೆ ಈ ರಕ್ಷೆ ಇದೆ. ಆದರೆ ಸ್ಮಾರಕವು ಕೇಂದ್ರ ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಯಲ್ಲಿಲ್ಲದ ಗುಡಿಗೆ, ಎಷ್ಟೇ ಹಳೆಯದಾದರೂ, ಈ ಗೆರೆ ಇಲ್ಲ. ನನಗೆ ಇದೇ ದೊಡ್ಡ ಕೊರತೆ ಎನಿಸುತ್ತದೆ. 2004ರ ಸುನಾಮಿ ಮಹಾಬಲಿಪುರದಲ್ಲೇ ಮರಳು ಸರಿಸಿ ಕೆತ್ತಿದ ಬಂಡೆಗಳನ್ನು ತೋರಿಸಿತು. ನೆಲದಡಿ ಇರುವುದು ಯಾವ ಪಟ್ಟಿಯಲ್ಲೂ ಇರುವುದಿಲ್ಲವಲ್ಲ!

ಸಿಆರ್‌ಝಡ್ ಬಲೆ ಅಗಲ. ಸಮುದ್ರದ ಭರತ ರೇಖೆಯಿಂದ (ಉಬ್ಬರದ ನೀರು ತಲುಪುವ ಗೆರೆ) ಸಾಮಾನ್ಯವಾಗಿ 500 ಮೀಟರ್‌ವರೆಗೆ ಅನ್ವಯ, ಪುರಾತತ್ವ ಮಹತ್ವದ ಜಾಗಗಳು ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತವೆ. ಆದರೆ ವಿನಾಯಿತಿಗಳಿವೆ, ನಿಯಮಗಳೂ 1991, 2011, 2019 ಎಂದು ಬದಲಾಗುತ್ತ ಬಂದಿವೆ. ಅನುಮತಿ ಸಿಕ್ಕಿಬಿಟ್ಟಿದ್ದರೆ ಪರಿಸರ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ: 30 ದಿನದೊಳಗೆ, ಸಕಾರಣವಿದ್ದರೆ ಇನ್ನೂ 60 ದಿನ. ತಡಮಾಡಿದರೆ ಕೈತಪ್ಪುತ್ತದೆ.

ಪಟ್ಟಿಯಲ್ಲಿದ್ದರೆ ಮೊದಲನೆಯದನ್ನೇ ಹಿಡಿಯಿರಿ, ಟೇಪ್ ಹಿಡಿದು ಅಳೆದರೆ ಅರ್ಧ ವಾದ ಮುಗಿಯುತ್ತದೆ. ಇಲ್ಲದಿದ್ದರೆ ಸಿಆರ್‌ಝಡ್. ಎರಡೂ ಅನ್ವಯಿಸಿದರೆ ಎರಡು ಅರ್ಜಿ ಬರೆಯಿರಿ.