ಮಗಳ ಶಾಲೆಯ ಇಂಟರಾಕ್ಟ್ ಕ್ಲಬ್: ಎರಡು ವರ್ಷ ನೋಡಿದ ಮೇಲೆ

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ಚೀಟಿ ತಂದಳು. ಇಂಟರಾಕ್ಟ್ ಕ್ಲಬ್ ಸೇರಬಹುದು, ಮನೆಯವರ ಸಹಿ ಬೇಕು ಅಂತ. ಈಗ ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುತ್ತಿದ್ದಾಳೆ. ನಮ್ಮ ದಕ್ಷಿಣ ಕೊಡಗಿನ ಕಡೆ ಬೇರೆ ಶಾಲೆಯ ಅಮ್ಮಂದಿರು ಸಿಕ್ಕಾಗಲೆಲ್ಲ "ಸೇರಿಸಬಹುದಾ, ಓದಿಗೆ ತೊಂದರೆ ಆಗಲ್ವಾ" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸೇರಿಸಿ. ಆದರೆ ಸಹಿ ಹಾಕುವ ಮುಂಚೆ ಒಂದು ಮಾತು ವಿಚಾರಿಸಿ: ಅಲ್ಲಿ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತೆ?

ಇದು ರೋಟರಿ ಅನ್ನೋ ಸಮಾಜಸೇವಾ ಸಂಸ್ಥೆಯವರ ಮಕ್ಕಳ ಕ್ಲಬ್, 12ರಿಂದ 18 ವರ್ಷದವರಿಗೆ. 1962ರ ನವೆಂಬರ್ 5ರಂದು ಅಮೆರಿಕದ ಫ್ಲೋರಿಡಾದ ಒಂದು ಹೈಸ್ಕೂಲಿನಲ್ಲಿ 23 ಮಕ್ಕಳಿಂದ ಶುರುವಾಯಿತು. ಈಗಲೂ ಆ ದಿನ ಬರುವ ವಾರವನ್ನು ಇಂಟರಾಕ್ಟ್ ವಾರ ಅಂತ ಆಚರಿಸುತ್ತಾರೆ. ಊರಿನ ಒಂದು ರೋಟರಿ ಕ್ಲಬ್ ಜವಾಬ್ದಾರಿ ಹೊರುತ್ತದೆ, ಶಾಲೆಯ ಒಬ್ಬರು ಟೀಚರ್ ಜೊತೆಗಿರುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಮಕ್ಕಳೇ. ವರ್ಷಕ್ಕೆ ಕನಿಷ್ಠ ಎರಡು ಕೆಲಸ ಮಾಡಬೇಕು: ಒಂದು ಶಾಲೆಗೋ ಊರಿಗೋ ಆಗುವಂಥದ್ದು, ಇನ್ನೊಂದು ಬೇರೆ ದೇಶದವರನ್ನು ಅರಿತುಕೊಳ್ಳುವಂಥದ್ದು. ಅಂಥದ್ದೇ ಇನ್ನೊಂದು ಸಂಸ್ಥೆ ಲಯನ್ಸ್‌ನವರ ಲಿಯೋ ಕ್ಲಬ್ಬೂ ಹೆಚ್ಚು ಕಮ್ಮಿ ಇದೇ ಥರ. ಅದರಲ್ಲಿ 12ರಿಂದ 18 ವರ್ಷದವರೆಗೆ ಆಲ್ಫಾ ಅನ್ನೋ ಗುಂಪು, ಆಮೇಲೆ 30ರವರೆಗೆ ಒಮೆಗಾ.

ಮೊದಲ ವರ್ಷ ನನಗೆ ಬೇಸರವೇ ಆಯಿತು. ಪದಗ್ರಹಣ ಅಂತ ಒಂದು ಕಾರ್ಯಕ್ರಮ ಮಾಡಿದರು. ಸ್ಟೇಜ್ ಮೇಲೆ ಕೂತವರೆಲ್ಲ ದೊಡ್ಡವರು, ಭಾಷಣ ಮಾಡಿದವರೂ ಅವರೇ. ಮಕ್ಕಳು ಸುಮ್ನೆ ಕೂತು ಚಪ್ಪಾಳೆ ತಟ್ಟಿದರು. ಮುಗಿಯುವಾಗ ಐದೂವರೆ. ಜುಲೈ ತಿಂಗಳು, ಸುರಿಯುವ ಮಳೆ, ನಮ್ಮ ಕಡೆಯ ಬಸ್ಸು ಹೋಗಿಯಾಗಿತ್ತು. ತೋಟದ ದಾರಿಯಲ್ಲಿ ಆನೆ ಓಡಾಡುತ್ತೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾ? ನಾಲ್ಕು ಮಕ್ಕಳನ್ನು ನಾವೇ ಜೀಪಲ್ಲಿ ಮನೆ ಮನೆಗೆ ಬಿಟ್ಟು ಬಂದೆವು. ಯಾರು ಅಧ್ಯಕ್ಷ ಆಗಬೇಕು ಅನ್ನೋದನ್ನೂ ದೊಡ್ಡವರೇ ಮೊದಲೇ ಮಾತಾಡಿಕೊಂಡಿದ್ದರು. ಆಮೇಲೆ ಗಿಡ ನೆಟ್ಟರು, ಫೋಟೋ ತೆಗೆಸಿಕೊಂಡರು. ಸುತ್ತ ಕಾಫಿ ತೋಟ, ಕಾಡು. ನಮ್ಮ ಶಾಲೆಗೆ ಬೇಕಾಗಿದ್ದದ್ದು ಗಿಡ ಅಲ್ಲ. ಮಕ್ಕಳನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಎರಡನೇ ವರ್ಷ ಬೇರೆ ಮೇಡಂ ಜವಾಬ್ದಾರಿ ತಗೊಂಡರು. ಅವರು ಮಾಡಿದ್ದು ಎರಡೇ ಬದಲಾವಣೆ. ಮೀಟಿಂಗನ್ನು ಶುಕ್ರವಾರದ ಕೊನೇ ಪೀರಿಯಡ್‌ಗೆ ತಂದರು, ಹಾಗಾಗಿ ಬಸ್ಸಿನ ಚಿಂತೆ ಹೋಯಿತು. ಇನ್ನೊಂದು, ಮಕ್ಕಳ ಹತ್ತಿರ ಚೀಟಿ ಬರೆಸಿ ಡಬ್ಬಿಗೆ ಹಾಕಿಸಿ ಮತ ಎಣಿಸಿದರು.

ಆ ವರ್ಷ ಮಕ್ಕಳು ಆರಿಸಿಕೊಂಡ ಕೆಲಸ ಸಾಕ್ಸ್. ತೋಟದ ಕೂಲಿಯವರ ಲೈನ್ ಮನೆಗಳಿಂದ ಮೂರು ನಾಲ್ಕು ಕಿಲೋಮೀಟರ್ ನಡೆದು ಬರುವ ಮಕ್ಕಳು ಮಳೆಗಾಲದಲ್ಲಿ ಇಡೀ ದಿನ ಒದ್ದೆ ಸಾಕ್ಸಲ್ಲೇ ಕೂತಿರುತ್ತಾರೆ. ಕಾಲ್ಬೆರಳಿನ ಸಂದಿಯೆಲ್ಲ ಬೆಳ್ಳಗಾಗಿ ಚರ್ಮ ಸುಲಿದಿರುತ್ತೆ. ಪಕ್ಕದಲ್ಲಿ ಕೂತವರಿಗೆ ಗೊತ್ತಿರುವ ವಿಷಯ ಇದು, ಸ್ಟೇಜ್ ಮೇಲೆ ಕೂತವರಿಗೆ ಅಲ್ಲ. ಮಕ್ಕಳು ಸೇರಿ 60 ಜೊತೆ ಸಾಕ್ಸ್ ತಂದು ಒಂದು ತಗಡಿನ ಟ್ರಂಕಿನಲ್ಲಿ ಇಟ್ಟರು. ವಾರದಲ್ಲೇ ಬೂಷ್ಟು ಬಂತು. ಆಗ ಒಬ್ಬ ಹುಡುಗ ಮನೆಯಲ್ಲಿ ಅಜ್ಜಿ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತಾರೆ ಅಂತ ಹೇಳಿದ. ಟ್ರಂಕ್ ಬಿಟ್ಟು ಸ್ಟಾಫ್ ರೂಮಿನ ಹಳೇ ಬೀರುವಿಗೆ 40 ವ್ಯಾಟಿನ ಬಲ್ಬ್ ಹಾಕಿಸಿದರು. ಬೆಳಿಗ್ಗೆ ಒದ್ದೆ ಸಾಕ್ಸ್ ಬಿಚ್ಚಿ ಹಗ್ಗಕ್ಕೆ ಹಾಕು, ಬೆಚ್ಚಗಿನ ಒಣ ಸಾಕ್ಸ್ ಹಾಕಿಕೋ, ಸಂಜೆ ವಾಪಸ್ ಕೊಡು. ತೊಳೆಯುವ ಸರದಿ ಮೆಂಬರ್‌ಗಳದ್ದು. ಆಗಸ್ಟ್ ಮುಗಿಯೋವರೆಗೂ ನಡೆಯಿತು. ನಮ್ಮನೆ ಒಲೆಯ ಮೇಲಿನ ಹಗ್ಗದಲ್ಲೂ ವಾರಕ್ಕೊಮ್ಮೆ ಹದಿನೈದು ಜೊತೆ ನೇತಾಡುತ್ತಿತ್ತು.

ಇದಕ್ಕೆ ದುಡ್ಡು ಬಂದದ್ದು ಸ್ಪೋರ್ಟ್ಸ್ ದಿನ ಮಕ್ಕಳೇ ಹಾಕಿದ ಕಾಫಿ, ಬಜ್ಜಿ ಅಂಗಡಿಯಿಂದ. ನನ್ನ ಮಗಳು ಖಜಾಂಚಿ. ಆವತ್ತು ರಾತ್ರಿ ಊಟದ ಮೇಜಿನ ಮೇಲೆ ಚಿಲ್ಲರೆ ಸುರಿದುಕೊಂಡು ಎಣಿಸಿದಳು. ಪುಸ್ತಕದಲ್ಲಿ 2,340, ಕೈಯಲ್ಲಿ 2,290. ಐವತ್ತು ರೂಪಾಯಿ ತಾನೇ, ನಾನು ಹಾಕ್ತೀನಿ ಬಿಡು ಅಂದೆ. "ಬೇಡ ಅಮ್ಮ, ಹಾಗೆ ಮಾಡಿದರೆ ಅದು ಲೆಕ್ಕ ಅಲ್ಲ" ಅಂದಳು. ಎಣ್ಣೆ ತಂದ ಹುಡುಗಿಗೆ ಫೋನ್ ಮಾಡಿದಳು, ಬಾಳೆಕಾಯಿ ಕೊಟ್ಟವರ ಮನೆಗೂ ಮಾಡಿದಳು, ಕೊನೆಗೆ ಗ್ಯಾಸ್ ಸ್ಟವ್ ತಂದುಕೊಟ್ಟ ಆಟೋದವರಿಗೆ ಐವತ್ತು ಕೊಟ್ಟು ಬರೆಯಲು ಮರೆತದ್ದು ಸಿಕ್ಕಿತು. ಮುಂದಿನ ಶುಕ್ರವಾರ ಎಲ್ಲರ ಎದುರು ಅದನ್ನೂ ಓದಿ ಹೇಳಿ ಸಹಿ ಮಾಡಿಸಿಕೊಂಡಳು. ಟ್ಯೂಷನ್‌ಗೆ ಎಷ್ಟು ದುಡ್ಡು ಕೊಟ್ಟರೂ ಇದನ್ನು ಕಲಿಸೋರು ಯಾರಿದ್ದಾರೆ ಹೇಳಿ.

ಓದಿಗೆ ತೊಂದರೆ ಆಗಲಿಲ್ಲ. ಪರೀಕ್ಷೆ ತಿಂಗಳಲ್ಲಿ ಮೀಟಿಂಗೇ ಇರಲಿಲ್ಲ.

ಎರಡನೇ ಕೆಲಸಕ್ಕೆ ಬೈಲಕುಪ್ಪೆಗೆ ಹೋದರು. ಕುಶಾಲನಗರ ದಾಟಿದರೆ ಸಿಗುವ ಟಿಬೆಟಿಯನ್ನರ ಕ್ಯಾಂಪ್ ನಾವೆಲ್ಲ ನೋಡಿದ್ದೇ, ಗೋಲ್ಡನ್ ಟೆಂಪಲ್ ನೋಡಿ ಮೊಮೊ ತಿಂದು ಬರುತ್ತೇವೆ. ಇವರು ಪ್ರಶ್ನೆ ಬರೆದುಕೊಂಡು ಹೋಗಿ ಅಲ್ಲಿಯ ತಮ್ಮದೇ ವಯಸ್ಸಿನ ಮಕ್ಕಳ ಜೊತೆ ಅರ್ಧ ದಿನ ಕೂತು ಮಾತಾಡಿ ಬಂದರು. ಆ ಮಕ್ಕಳು ಕನ್ನಡದಲ್ಲೇ ಮಾತಾಡಿದರು ಅಂತ ಮಗಳಿಗೆ ಆಶ್ಚರ್ಯವೋ ಆಶ್ಚರ್ಯ.

ಒಂದು ವಿಷಯ ಮಾತ್ರ ಇನ್ನೂ ಸರಿ ಹೋಗಿಲ್ಲ. ಟೀ ಶರ್ಟ್‌ಗೆ ಅಂತ 350 ರೂಪಾಯಿ ತಗೋತಾರೆ. ಸಾಕ್ಸ್ ಯಾರಿಗೆ ಬೇಕಾಗಿತ್ತೋ ಆ ಲೈನ್ ಮನೆ ಮಕ್ಕಳಲ್ಲಿ ಒಬ್ಬರೂ ಕ್ಲಬ್ಬಿನಲ್ಲಿ ಇಲ್ಲ. ಕೂಲಿ ಮಾಡುವ ಮನೆಯಲ್ಲಿ ಒಂದು ಟೀ ಶರ್ಟಿಗೆ ಅಷ್ಟು ಎಲ್ಲಿಂದ ತರುತ್ತಾರೆ? ಕೊಡೋ ಮಕ್ಕಳು ಬೇರೆ, ತಗೊಳ್ಳೋ ಮಕ್ಕಳು ಬೇರೆ ಅಂತ ಆಗಬಾರದು ಅಲ್ವಾ. ಮೂವರು ಅಮ್ಮಂದಿರು ಸೇರಿ ಟೀ ಶರ್ಟ್ ಬೇಡ, ಬ್ಯಾಡ್ಜ್ ಸಾಕು ಅಂತ ಪತ್ರ ಕೊಟ್ಟಿದ್ದೇವೆ. ಜುಲೈ 1ಕ್ಕೆ ಕ್ಲಬ್ಬಿನ ಹೊಸ ವರ್ಷ ಶುರು, ಉತ್ತರಕ್ಕೆ ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಕ್ಲಬ್ಬಿಗೆ ನನ್ನ ಅಂಕ ಐದಕ್ಕೆ ನಾಲ್ಕು.