ಮ್ಯಾಚ್ ರಾತ್ರಿಯ ಮೆಟ್ರೊ: ಏಳು ಸೀಸನ್ ಓಡಾಡಿದವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ಕೂತು ನಾನು ಒಂದು ಐಪಿಎಲ್ ಮ್ಯಾಚನ್ನೂ ನೋಡಿಲ್ಲ. ಟಿಕೆಟ್ ರೇಟು ಕೇಳಿದರೇ ನನ್ನ ಸಂಬಳಕ್ಕೆ ತಲೆ ತಿರುಗುತ್ತದೆ. ಆದರೆ ಆರ್‌ಸಿಬಿ ಊರಲ್ಲಿ ಆಡಿದ ರಾತ್ರಿಗಳಲ್ಲಿ ಮನೆಗೆ ಹೋಗುವ ಮೆಟ್ರೊ ಹೇಗಿರುತ್ತದೆ ಅಂತ ಕೇಳಿದರೆ ನನ್ನಷ್ಟು ಹೇಳುವವರು ಕಡಿಮೆ. ಚರ್ಚ್ ಸ್ಟ್ರೀಟಿನ ಒಂದು ಹೋಟೆಲ್‌ನಲ್ಲಿ ಕ್ಯಾಶ್ ಕೌಂಟರ್ ನನ್ನದು, ಮನೆ ಚಂದ್ರಾ ಲೇಔಟ್. ಎಂ.ಜಿ. ರೋಡ್‌ನಲ್ಲಿ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿಯುತ್ತೇನೆ. ಸುರಂಗದ ದಾರಿ ಶುರುವಾದ 2016ರ ಏಪ್ರಿಲ್ ಕೊನೆಯಿಂದ ಇದೇ ನಡೀತಿದೆ. ಕೊರೊನಾ ಅಂತ ಮೂರು ವರ್ಷ ಇಲ್ಲಿ ಐಪಿಎಲ್ ಆಡಲಿಲ್ಲ, ಅದು ಕಳೆದರೆ 2025ರವರೆಗೆ ಏಳು ಸೀಸನ್.

ಮೆಟ್ರೊ ಎಷ್ಟು ಹೊತ್ತಿಗೊಂದು, ಯಾವ ಲೈನ್ ಎಲ್ಲಿಗೆ, ಅದೆಲ್ಲ ನಿಮಗೆ ಗೊತ್ತಿರುತ್ತದೆ, ಬಿಡಿ. ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ, ಬೈಯಬೇಡಿ. ಆರ್‌ಸಿಬಿ ಸೋತ ರಾತ್ರಿ ಮೆಟ್ರೊ ತುಂಬಾ ಚೆನ್ನಾಗಿರುತ್ತದೆ.

ಲೆಕ್ಕ ಸುಲಭ. ಗೆಲ್ಲುವ ಮ್ಯಾಚ್ ಬಿಟ್ಟು ಯಾರೂ ಏಳುವುದಿಲ್ಲ. ಕೊನೆ ಬಾಲ್, ಆಮೇಲೆ ಪ್ರಶಸ್ತಿ, ಆಮೇಲೆ ಸೆಲ್ಫಿ, ಎಲ್ಲ ಮುಗಿಸಿಕೊಂಡು ಮೂವತ್ತು ಸಾವಿರ ಜನ ಒಂದೇ ಸಲ ಕಬ್ಬನ್ ಪಾರ್ಕ್ ಸ್ಟೇಷನ್ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಸೋಲುವ ಮ್ಯಾಚಾದರೆ ಹದಿನಾರನೇ ಓವರಿಗೇ ಹಿಂದಿನ ಸಾಲು ಖಾಲಿ. ಮಕ್ಕಳು ಇರುವವರು ಮೊದಲು, ವೈಟ್‌ಫೀಲ್ಡ್‌ವರೆಗೆ ಹೋಗುವವರು ಆಮೇಲೆ, ಕೊನೆಗೆ ಆ ಮನಸ್ಸು ಒಡೆದ ಹುಡುಗರು. ಜನ ಒಂದು ಗಂಟೆ ಹೊತ್ತು ಸ್ವಲ್ಪ ಸ್ವಲ್ಪವೇ ಬರುತ್ತಾರೆ. ಗಲಾಟೆ ಇಲ್ಲ, ತಳ್ಳಾಟ ಇಲ್ಲ. ಸೋತವರಿಗೆ ಇನ್ನೊಬ್ಬರ ಕಾಲು ತುಳಿಯುವಷ್ಟೂ ಉತ್ಸಾಹ ಇರುವುದಿಲ್ಲ.

2025ರ ಏಪ್ರಿಲ್ ನೆನಪಿದೆಯಾ? ತಂಡ ಹೊರಗೆ ಹೋದಲ್ಲೆಲ್ಲ ಗೆದ್ದು ಬರುತ್ತಿತ್ತು, ಮನೆಯಲ್ಲಿ ಮಾತ್ರ ಸಾಲಾಗಿ ಮೂರು ಸೋಲು. ಏಪ್ರಿಲ್ 2 ಗುಜರಾತ್, 10 ಡೆಲ್ಲಿ, 18 ಪಂಜಾಬ್. ಡೆಲ್ಲಿ ಮ್ಯಾಚಲ್ಲಂತೂ ಅವರ ಕಡೆ ಆಡುತ್ತಿದ್ದ ನಮ್ಮ ಹುಡುಗ ಕೆ.ಎಲ್. ರಾಹುಲ್ಲೇ 93 ಹೊಡೆದು, ಬ್ಯಾಟಿನಲ್ಲಿ ನೆಲದ ಮೇಲೆ ದುಂಡಗೆ ಗೆರೆ ಎಳೆದು ಇದು ನನ್ನ ಜಾಗ ಅಂದುಬಿಟ್ಟ. ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತ್ತು. ನಾನು ಮೂರೂ ದಿನ ಸೀಟಲ್ಲಿ ಕೂತು ಮನೆಗೆ ಹೋದೆ. ಬೇಜಾರು ನನಗೂ ಆಗಿತ್ತು ಮಾರಾಯ್ರೆ, ಆದರೆ ಬೆಳಗ್ಗಿಂದ ಕೌಂಟರಲ್ಲಿ ಇದ್ದ ಬೆನ್ನಿಗೆ ಕ್ರಿಕೆಟ್ ಗೊತ್ತಾಗುವುದಿಲ್ಲ.

ನನ್ನ ಕ್ರಮ ಹೀಗೆ. ಮ್ಯಾಚ್ ದಿನ ಹೋಟೆಲ್‌ನಲ್ಲಿ ದೊಡ್ಡ ಪರದೆ ಹಾಕಿರುತ್ತಾರೆ, ಹಾಗಾಗಿ ಕ್ಯಾಶ್ ಟ್ಯಾಲಿ ಆಗುವುದು ಹನ್ನೊಂದು ದಾಟಿದ ಮೇಲೆ. ಚಿಲ್ಲರೆಯನ್ನು ಡಬ್ಬಕ್ಕೆ ಹಾಕಿ, ಬೀಗದ ಕೈ ಮ್ಯಾನೇಜರಿಗೆ ಕೊಟ್ಟು, ಖಾಲಿ ಟಿಫನ್ ಬಾಕ್ಸ್ ಬ್ಯಾಗಿನ ತಳಕ್ಕೆ ಹಾಕುತ್ತೇನೆ. ಮೇಲೆ ಇಟ್ಟರೆ ಸ್ಟೇಷನ್ ಚೆಕಿಂಗ್‌ನಲ್ಲಿ ಸ್ಟೀಲು ಕಂಡು ತೆಗೆಯಿರಿ ಅನ್ನುತ್ತಾರೆ. ಕಾರ್ಡು ಫೋನಿನ ಹಿಂದೆ, ಕವರಿನ ಒಳಗೆ ಇರುತ್ತದೆ. ಗೇಟಿಗೆ ಫೋನ್ ಮುಟ್ಟಿಸಿದರೆ ಸಾಕು. ಹಿಂದೆ ನಿಂತ ಹುಡುಗರು, ಮೂರು ಪರ್ಸೆಂಟ್ ಬ್ಯಾಟರಿಯಲ್ಲಿ ಕ್ಯೂಆರ್ ಟಿಕೆಟ್ ಹುಡುಕುತ್ತಾ ಇರುವವರು, ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾಲ್ಕು ಗಂಟೆ ವಿಡಿಯೊ ತೆಗೆದ ಫೋನಲ್ಲಿ ವಾಪಸ್ ಟಿಕೆಟ್ ಇಟ್ಟುಕೊಳ್ಳಬಾರದು, ದಯವಿಟ್ಟು. ಕಾರ್ಡಿಗೆ 5 ಪರ್ಸೆಂಟ್ ರಿಯಾಯಿತಿ ಅಂತ ಎಲ್ಲರೂ ಹೇಳುತ್ತಾರೆ, ನನ್ನ ಕೇಳಿದರೆ ಅದು ಸುಮ್ನೆ. ಕಾರ್ಡು ಬೇಕಾಗುವುದು ಹನ್ನೊಂದೂವರೆಗೆ, ಅದಕ್ಕೆ ಚಾರ್ಜು ಬೇಡ ಅನ್ನುವುದಕ್ಕೆ.

2024ರಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇತ್ತು. ಮ್ಯಾಚ್ ದಿನ ಮಧ್ಯಾಹ್ನ 2ರಿಂದ ಎಲ್ಲ ಸ್ಟೇಷನ್ನಲ್ಲೂ 50 ರೂಪಾಯಿಗೆ ವಾಪಸ್ ಬರುವ ಕಾಗದದ ಟಿಕೆಟ್ ಕೊಡುತ್ತಿದ್ದರು. ರಾತ್ರಿ 8ರ ಮೇಲೆ ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರೋಡ್‌ನಲ್ಲಿ ಹತ್ತಿದರೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಊರಿಂದ ಬಂದ ನಮ್ಮ ತಮ್ಮನಿಗೂ ಒಂದು ತೆಗೆದುಕೊಟ್ಟಿದ್ದೆ. ಕಾಗದಕ್ಕೆ ಬ್ಯಾಟರಿ ಮುಗಿಯುವುದಿಲ್ಲ ಅಲ್ವಾ.

ಈಗ ಮುಖ್ಯ ಉಪಾಯ. ಪಶ್ಚಿಮದ ಕಡೆ, ಅಂದರೆ ಮೆಜೆಸ್ಟಿಕ್, ವಿಜಯನಗರ, ಕೆಂಗೇರಿ ಕಡೆ ಹೋಗುವವರು ಸ್ಟೇಡಿಯಂ ಬಾಗಿಲಲ್ಲೇ ಇದೆ ಅಂತ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ನುಗ್ಗಬೇಡಿ. ಎಂ.ಜಿ. ರೋಡಿಗೆ ನಡೆಯಿರಿ. ನಿಮ್ಮ ರೈಲು ಮೊದಲು ಎಂ.ಜಿ. ರೋಡಿಗೆ ಬರುತ್ತದೆ, ಆಮೇಲೆ ಕಬ್ಬನ್ ಪಾರ್ಕಿಗೆ. ಇಂದಿರಾನಗರ, ವೈಟ್‌ಫೀಲ್ಡ್ ಕಡೆಯವರು ಇದನ್ನೇ ತಿರುಗಿಸಿ ವಿಧಾನಸೌಧ ಸ್ಟೇಷನ್ನಿಗೆ ನಡೆದರಾಯಿತು. ಒಂದು ಸ್ಟೇಷನ್ ಹಿಂದಕ್ಕೆ ಹೋದರೆ ಸೀಟು. ಇಷ್ಟು ಸರಳ ವಿಷಯ ಏಳು ಸೀಸನ್ ಆದರೂ ಜನಕ್ಕೆ ಗೊತ್ತಾಗಿಲ್ಲ. ಗೊತ್ತಾಗದೇ ಇದ್ದರೆ ನನಗೇ ಒಳ್ಳೆಯದು, ಆದರೂ ಬರೆದಿದ್ದೇನೆ.

ಎಂ.ಜಿ. ರೋಡ್ ಸ್ಟೇಷನ್ ಮೇಲಿದೆ, ಕಬ್ಬನ್ ಪಾರ್ಕ್ ನೆಲದ ಕೆಳಗೆ. ನಡುವೆ ರೈಲು ಸ್ಟೇಡಿಯಂ ಪಕ್ಕದಲ್ಲೇ ಇಳಿಜಾರಲ್ಲಿ ಇಳಿದು ಸುರಂಗಕ್ಕೆ ಹೋಗುತ್ತದೆ. ಎಡಗಡೆ ಸಾಲಿನಲ್ಲಿ ಕೂತರೆ ಎದುರಿನ ಕಿಟಕಿಯಲ್ಲಿ ಆ ದೊಡ್ಡ ದೀಪಗಳು ಕಾಣುತ್ತವೆ. ಹೆಚ್ಚೆಂದರೆ ಕೆಲವು ಸೆಕೆಂಡು. ಏಸಿ ಬೋಗಿ, ಹೊರಗಿನ ಸದ್ದು ಏನೂ ಕೇಳುವುದಿಲ್ಲ, ಬೆಳಕು ಮಾತ್ರ. ಆಮೇಲೆ ಕತ್ತಲೆ. ಆಮೇಲೆ ಕಬ್ಬನ್ ಪಾರ್ಕ್‌ನಲ್ಲಿ ಬಾಗಿಲು ತೆರೆಯುತ್ತದೆ, ಮುಖ ನೋಡಿದರೆ ಸ್ಕೋರು ಗೊತ್ತಾಗುತ್ತದೆ. ನಾನು ಮ್ಯಾಚ್ ಮುಗಿಯುವ ಹೊತ್ತಿಗೆ ನೋಟು ಎಣಿಸುತ್ತಿರುತ್ತೇನೆ, ಪರದೆ ಕಡೆ ನೋಡಿದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಫಲಿತಾಂಶ ಬೇಕೆಂದೇ ನೋಡುವುದಿಲ್ಲ. ಆ ಬಾಗಿಲು ತೆರೆಯುವವರೆಗೆ ಕಾಯುತ್ತೇನೆ. ಇದು ನನ್ನ ಟಿಕೆಟ್ಟಿಲ್ಲದ ಮ್ಯಾಚು. ಮೆಟ್ರೊ ಬಗ್ಗೆ ನನಗೆ ಇರುವ ಪ್ರೀತಿಯಲ್ಲಿ ಅರ್ಧ ಈ ಮೂರು ನಿಮಿಷದ್ದು.

ಸೋತ ರಾತ್ರಿ ಒಳಗೆ ಬಂದವರು ಮಾತಾಡುವುದಿಲ್ಲ. ಅಮ್ಮನ ಹೆಗಲ ಮೇಲೆ ಮಗು ಮಲಗಿರುತ್ತದೆ, ಅದರ ಕೆನ್ನೆಯ ಕೆಂಪು ಬಣ್ಣ ಅಮ್ಮನ ಅಂಗಿಗೆ ಹತ್ತಿರುತ್ತದೆ. ಯಾರಾದರೂ ಎದ್ದು ಜಾಗ ಕೊಡುತ್ತಾರೆ. ಇಡೀ ಬೋಗಿಯಲ್ಲಿ ಕೇಳುವುದು ಒಂದೇ ದನಿ, ನಿರೂಪಕಿ ಅಪರ್ಣಾ ಅವರ ರೆಕಾರ್ಡ್ ಮಾಡಿದ ದನಿ. ಮುಂದಿನ ನಿಲ್ದಾಣ ಇಂಥದ್ದು ಅಂತ, ಯಾರ ಸೋಲು ಗೆಲುವೂ ತನಗೆ ಸಂಬಂಧ ಇಲ್ಲ ಅನ್ನುವಷ್ಟು ನಿಧಾನವಾಗಿ, ಸ್ಪಷ್ಟವಾಗಿ. ಅವರು 2024ರ ಜುಲೈ 11ರಂದು ತೀರಿಕೊಂಡರು. ಅದಾದ ಮೇಲಿನ ಸೀಸನ್ನಲ್ಲಿ, ಏಪ್ರಿಲ್ 10ರ ಆ ಸೋತ ರಾತ್ರಿ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೊಮ್ಮಗಳಿಗೆ "ಈಕೆ ಟಿವಿಯಲ್ಲಿ ಬರ್ತಿದ್ರು ಕಣೇ, ಎಷ್ಟು ಚೆಂದ ಕನ್ನಡ" ಅಂದರು. ಮೊಮ್ಮಗಳು ಹಣೆಗೆ ಆರ್‌ಸಿಬಿ ಪಟ್ಟಿ ಕಟ್ಟಿಕೊಂಡೇ ನಿದ್ದೆ ಹೋಗಿದ್ದಳು.

ಗೆದ್ದ ರಾತ್ರಿಯ ಕಥೆಯೇ ಬೇರೆ. 2025ರ ಮೇ 3, ಚೆನ್ನೈ ವಿರುದ್ಧ 2 ರನ್ನಿನ ಗೆಲುವು. ಕಬ್ಬನ್ ಪಾರ್ಕ್‌ನಲ್ಲಿ ಬಾಗಿಲು ತೆರೆದಿದ್ದಷ್ಟೇ ಗೊತ್ತು. ನಾನು ಕೂರುವ ಮೊದಲ ಬೋಗಿ ಮಹಿಳೆಯರದ್ದು, ಹಾಗಾಗಿ ನನಗೆ ಉಸಿರಾಡಲು ಜಾಗ ಇತ್ತು. ಬಾಗಿಲು ಮುಚ್ಚುತ್ತದೆ, ಯಾರದೋ ಬ್ಯಾಗು ಸಿಕ್ಕಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ, ಗಾರ್ಡು ಸೀಟಿ ಊದುತ್ತಾರೆ, ಜನ ಅದಕ್ಕೂ ಕುಣಿಯುತ್ತಾರೆ. ರೈಲು ಹೊರಟ ಮೇಲೆ ಅಪರ್ಣಾ "ಮುಂದಿನ ನಿಲ್ದಾಣ" ಅಂದರು, ಆ ಚಿಕ್ಕ ಬಿಡುವಿನಲ್ಲಿ ಒಬ್ಬ ಹುಡುಗಿ "ಪ್ಲೇಆಫ್!" ಅಂತ ಕೂಗಿದಳು. ಇಡೀ ಬೋಗಿ ನಕ್ಕಿತು. ಆಮೇಲೆ ಮೆಜೆಸ್ಟಿಕ್ ಬರುವವರೆಗೂ ಪ್ರತಿ ಸ್ಟೇಷನ್ನಿಗೆ ಅದೇ ಆಟ. ನಾನೂ ಎರಡು ಸಲ ಕೂಗಿದೆ, ಇಲ್ಲ ಅನ್ನುವುದಿಲ್ಲ.

ಇಷ್ಟು ಚೆನ್ನಾಗಿದ್ದರೆ ಪೂರ್ತಿ ಅಂಕ ಕೊಡಬಹುದಲ್ಲ ಅಂದಿರಾ? ಅತ್ತಿಗುಪ್ಪೆಯಲ್ಲಿ ಇಳಿಯಿರಿ, ಗೊತ್ತಾಗುತ್ತದೆ.

ಸ್ಟೇಷನ್‌ನಿಂದ ನನ್ನ ಮನೆಗೆ ಎರಡೂವರೆ ಕಿಲೋಮೀಟರ್. ಅಷ್ಟು ಹೊತ್ತಿಗೆ ಬಸ್ಸಿಲ್ಲ. ಆಗಿನ ಆಟೊ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 30, ಆಮೇಲೆ ಕಿಲೋಮೀಟರಿಗೆ 15. ರಾತ್ರಿ 10ರ ಮೇಲೆ ಒನ್ ಅಂಡ್ ಹಾಫ್. ಲೆಕ್ಕ ನನ್ನ ಕೆಲಸ, 56 ರೂಪಾಯಿ ಆಗಬೇಕು. ಆ ಚೆನ್ನೈ ಮ್ಯಾಚಿನ ರಾತ್ರಿ ಆ್ಯಪಲ್ಲಿ ಹಾಕಿದೆ. ಮೊದಲನೆಯವನು ಫೋನ್ ಮಾಡಿ "ಎಷ್ಟು ತೋರಿಸ್ತಿದೆ ಮೇಡಂ?" ಅಂದ, ಹೇಳಿದೆ, ಕಟ್ ಮಾಡಿದ. ಎರಡನೆಯವನು ಒಂದೇ ಜಾಗದಲ್ಲಿ ಹನ್ನೆರಡು ನಿಮಿಷ ನಿಂತ, ನಾನೇ ರದ್ದು ಮಾಡಲಿ ಅಂತ. ಕೊನೆಗೆ ಸ್ಟೇಷನ್ ಕೆಳಗೆ ನಿಂತಿದ್ದ ಒಂದು ಆಟೊ ಹತ್ತಿರ ಹೋದೆ. "ಗೆದ್ರಾ ಅಕ್ಕಾ?" ಅಂದ. ಗೆದ್ದರು ಅಂದರೆ ಖುಷಿಗೆ ಜಾಸ್ತಿ ಕೇಳುತ್ತಾನೆ ಅಂತ ನನಗೆ ಅನುಭವ. "ಸೋತ್ರು" ಅಂದೆ, ಮುಖ ಸಣ್ಣಗೆ ಮಾಡಿಕೊಂಡು. ಅಷ್ಟರಲ್ಲಿ ಹಿಂದಿನಿಂದ ಐದಾರು ಹುಡುಗರು ಬಾವುಟ ಬೀಸುತ್ತಾ ಮೆಟ್ಟಿಲು ಇಳಿದರು. ಆತ ಅವರನ್ನು ನೋಡಿದ, ನನ್ನನ್ನು ನೋಡಿದ. "ಎರಡು ರನ್ನಲ್ಲಿ ಗೆದ್ದಿದ್ದಾರೆ, ನಾನೂ ಫೋನಲ್ಲಿ ನೋಡ್ತಿದ್ದೆ ಅಕ್ಕಾ. ಇನ್ನೂರು ಕೊಡಿ." ಸುಳ್ಳಿಗೂ ಸೇರಿಸಿ ಹಾಕಿದ್ದಾನೆ. ಕೊಟ್ಟೆ. ಹನ್ನೆರಡೂಕಾಲಿಗೆ ಬೀದಿಯಲ್ಲಿ ನಿಂತು ಒಬ್ಬಳೇ ಚೌಕಾಸಿ ಮಾಡುವ ಧೈರ್ಯ ನನಗಿಲ್ಲ.

ಹಣದ ವಿಷಯ ಬಂದಿದ್ದಕ್ಕೆ ಇದೂ ಇರಲಿ. 2025ರ ಫೆಬ್ರವರಿ 9ಕ್ಕೆ ಮೆಟ್ರೊ ದರ ಏರಿತು, ಗರಿಷ್ಠ 60 ಇದ್ದದ್ದು 90 ಆಯಿತು. ತಿಂಗಳಿಗೆ ಎರಡು ಸಲ ರೀಚಾರ್ಜ್ ಮಾಡುತ್ತಿದ್ದವಳು ಮೂರು ಸಲ ಮಾಡಬೇಕಾಯಿತು. ಈಗ ಹೋಗುವಾಗ ಬಸ್ಸು. ಹೆಂಗಸರಿಗೆ 2023ರ ಜೂನ್‌ನಿಂದ ಉಚಿತ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೂ ಕಾಸಿಲ್ಲ. ಮ್ಯಾಚ್ ದಿನ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಹಡ್ಸನ್ ಸರ್ಕಲ್ ದಾಟಿದರೆ ಬಸ್ಸು ಮಲಗಿಬಿಡುತ್ತದೆ. ಒಂದು ದಿನ ಕಸ್ತೂರ್ಬಾ ರಸ್ತೆಯಲ್ಲಿ ಇಳಿದು ನಡೆದೇ ಹೋದೆ, ನನ್ನ ಬಸ್ಸಿಗಿಂತ ಮೊದಲು ಸೇರಿದೆ.

ಮೇ 17ರ ಮಳೆಯ ದಿನ ಬರೆಯದಿದ್ದರೆ ತಪ್ಪಾಗುತ್ತದೆ. ಕೊಹ್ಲಿ ಟೆಸ್ಟ್ ಬಿಟ್ಟ ವಾರ. ಜನ ಕೆಂಪು ಬಿಟ್ಟು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಒಂದು ಬಾಲೂ ಆಗಲಿಲ್ಲ. ರಾತ್ರಿ ಸುರಂಗದ ಬಾಗಿಲು ತೆರೆದಾಗ ಒಳಗೆ ಬಂದವರೆಲ್ಲ ಬಿಳಿ, ಎಲ್ಲರೂ ತೊಯ್ದು ತೊಪ್ಪೆ. ಮುಖ ನೋಡಿದೆ, ಸ್ಕೋರು ಗೊತ್ತಾಗಲಿಲ್ಲ.

ಆಮೇಲೆ ಜೂನ್. 3ರ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ 6 ರನ್ನಿನ ಗೆಲುವು, ಹದಿನೆಂಟನೇ ಸೀಸನ್ನಿಗೆ ಕಪ್ಪು. ಮಾರನೇ ದಿನ ಮಧ್ಯಾಹ್ನ ನಾನು ಕೌಂಟರಲ್ಲಿದ್ದೆ. ಚರ್ಚ್ ಸ್ಟ್ರೀಟು ಪೂರ್ತಿ ಕೆಂಪು, ಎಲ್ಲರೂ ಸ್ಟೇಡಿಯಂ ಕಡೆಗೆ. ಸಂಜೆ ಹೊತ್ತಿಗೆ ಜನ ವಾಪಸ್ ಬರತೊಡಗಿದರು, ಕೆಲವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸ್ಟೇಡಿಯಂ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಜನ ಹೋದರು. ಕಬ್ಬನ್ ಪಾರ್ಕ್, ವಿಧಾನಸೌಧದಲ್ಲಿ ಅವತ್ತು ಸಂಜೆ ರೈಲು ನಿಲ್ಲಿಸಲಿಲ್ಲ. ಒಂದೇ ದಿನ 9.66 ಲಕ್ಷ ಜನ ಮೆಟ್ರೊ ಹತ್ತಿದ್ದರು ಅಂತ ಆಮೇಲೆ ಓದಿದೆ, ಅಲ್ಲಿಯವರೆಗೆ ಅಷ್ಟು ಯಾವತ್ತೂ ಆಗಿರಲಿಲ್ಲವಂತೆ.

ನಾನು ಹತ್ತಿದ ರೈಲೂ ಸುರಂಗಕ್ಕೆ ಇಳಿದು ಕಬ್ಬನ್ ಪಾರ್ಕ್ ಪ್ಲಾಟ್‌ಫಾರಂ ದಾಟಿ ಹಾಗೇ ಹೋಯಿತು. ದೀಪ ಉರಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಬಾಗಿಲು ತೆರೆಯದೆ ಅಲ್ಲಿಂದ ಹೋಗಿದ್ದು ಅದೇ ಮೊದಲು. ಬೋಗಿಯಲ್ಲಿ ಹೊಸ ಜೆರ್ಸಿ ಹಾಕಿಕೊಂಡಿದ್ದ ಒಬ್ಬ ಹುಡುಗಿ ಅದರ ಮೇಲೆ ದುಪಟ್ಟಾ ಹೊದ್ದುಕೊಂಡಳು. ಅತ್ತಿಗುಪ್ಪೆಯಲ್ಲಿ ಆಟೊದವರು ಯಾರೂ ಗೆದ್ರಾ ಅಂತ ಕೇಳಲಿಲ್ಲ. ಮೀಟರ್ ಹಾಕಿದರು.

ಅದಕ್ಕೇ ಈ ವಿಮರ್ಶೆ ಬರೆಯಲು ಇಷ್ಟು ದಿನ ಹಿಡಿಯಿತು. ಸೋತ ರಾತ್ರಿ ಚೆನ್ನ ಅಂತ ಹೋಟೆಲ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ, ಈಗ ಹೇಳುವಾಗ ಮೊದಲಿನ ನಗು ಬರುವುದಿಲ್ಲ. ಆದರೂ ಮಾತು ಬದಲಿಸುವುದಿಲ್ಲ, ಸ್ವಲ್ಪ ಸ್ವಲ್ಪವೇ ಜನ ಹೊರಗೆ ಬರುವ ರಾತ್ರಿಯೇ ಒಳ್ಳೆಯ ರಾತ್ರಿ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಕೊನೆಯ ಎರಡೂವರೆ ಕಿಲೋಮೀಟರಿನದು, ರೈಲಿನದಲ್ಲ. 2025ರಲ್ಲಿ ಮ್ಯಾಚ್ ದಿನ 12:30ರವರೆಗೆ ರೈಲು ಓಡಿಸಿದ್ದಕ್ಕೆ ಅರ್ಧ ಅಂಕ ಸೇರಿಸೋಣ ಅಂದುಕೊಂಡೆ, ಆ ಇನ್ನೂರು ರೂಪಾಯಿ ನೆನಪಾಗಿ ಬಿಟ್ಟೆ. ಈಗ ಮ್ಯಾಚ್ ದಿನ ನಮ್ಮ ಮನೆಯವರು ಸ್ಕೂಟರ್ ತೆಗೆದುಕೊಂಡು ಸ್ಟೇಷನ್ ಕೆಳಗೆ ಬಂದು ನಿಲ್ಲುತ್ತಾರೆ, ತೂಕಡಿಸುತ್ತಾ.

ಮುಂದಿನ ಸಲ ಮ್ಯಾಚ್ ನೋಡಿ ಪಶ್ಚಿಮದ ಕಡೆ ಹೋಗುವವರು ಎಂ.ಜಿ. ರೋಡಿಗೆ ನಡೆದು ಬನ್ನಿ. ಮೊದಲ ಬೋಗಿ, ಎಡಗಡೆ ಸಾಲು, ಬಾಗಿಲ ಪಕ್ಕದ ಸೀಟು ನನ್ನದು. ಅದೊಂದು ಬಿಟ್ಟು ಎಲ್ಲಿ ಬೇಕಾದರೂ ಕೂತುಕೊಳ್ಳಿ.